ಜಾರುವ ಕ್ಲಚ್ಚಿಗೆ ಹೊಸ ಪ್ಲೇಟು: 100 ಸಿಸಿ ಬೈಕಿನ ಕ್ಲಚ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಟ್ಯಾಂಕಿನ ಮೇಲೆ ಒಂದು ಚೀಲವನ್ನಿಟ್ಟುಕೊಂಡು ಆ ಘಾಟಿಯನ್ನು ಏರುತ್ತಿದ್ದಾಗ, ಐದನೆಯದೋ ಆರನೆಯದೋ ತಿರುವಿನಲ್ಲಿ ನನ್ನ ಗಾಡಿಯ ಇಂಜಿನ್ ಸದ್ದು ಇದ್ದಕ್ಕಿದ್ದಂತೆ ಏರಿತು; ಗಾಡಿ ಮಾತ್ರ ಇದ್ದ ವೇಗದಲ್ಲೇ ತೆವಳುತ್ತಿತ್ತು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಗದ್ದಲ ಹೆಚ್ಚಿತೇ ಹೊರತು ಚಕ್ರಕ್ಕೆ ಬಲ ಹೋಗಲಿಲ್ಲ. ಮೇಲೆ ತಲುಪಿ ನಿಲ್ಲಿಸಿದಾಗ ಇಂಜಿನ್ನಿನ ಬಲಬದಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಕ್ಲಚ್ ಜಾರುವುದೆಂದರೆ ಇದೇ. ತಪ್ಪು ಗಾಡಿಯದಲ್ಲ, ಏರು ದಾರಿಯಲ್ಲಿ ಗೇರ್ ಇಳಿಸಲು ಸೋಮಾರಿಯಾಗಿ ಅರ್ಧ ಕ್ಲಚ್ ಹಿಡಿದೇ ಓಡಿಸುವ ನನ್ನ ಹಳೆಯ ಅಭ್ಯಾಸದ್ದು.

ಈ ಬರಹದಲ್ಲಿ ನಾನು ವಿವರಿಸುವುದು ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಜಾತಿಯ ಬೈಕಿನ ಕ್ಲಚ್ಚನ್ನು ಬಿಚ್ಚಿ ಬದಲಿಸುವ ಕ್ರಮವನ್ನು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್, ಅವುಗಳ ಬಳಗದ 97.2 ಸಿಸಿ ಇಂಜಿನ್ನಿನ ಇತರ ಗಾಡಿಗಳು ನನ್ನ ಮನಸ್ಸಿನಲ್ಲಿವೆ. ಇವುಗಳಲ್ಲಿ ಕ್ಲಚ್ ಬಲಬದಿಯ ಕವರಿನೊಳಗೆ, ಇಂಜಿನ್ ಆಯಿಲಿನಲ್ಲಿ ನೆನೆಯುತ್ತಲೇ ಕೆಲಸ ಮಾಡುತ್ತದೆ. ಬೇರೆ ಕಂಪನಿಗಳ 100ರಿಂದ 150 ಸಿಸಿವರೆಗಿನ ಹಲವು ಬೈಕುಗಳಲ್ಲಿಯೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಬೋಲ್ಟುಗಳ ಅಳತೆ, ಪ್ಲೇಟುಗಳ ಸಂಖ್ಯೆ ಬದಲಾಗಬಹುದು. ಆದರೆ ಒಂದು ಕಾಲದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಗಾಡಿಗಳನ್ನು ಇಟ್ಟುಕೊಂಡವರು ಇದನ್ನು ಅನುಸರಿಸಬಾರದು. ಅವುಗಳ ಕ್ಲಚ್ ಎಡಬದಿಯಲ್ಲಿ ಪ್ರೈಮರಿ ಚೈನಿನ ಜೊತೆ ಇರುತ್ತದೆ, ಪ್ಲೇಟುಗಳಲ್ಲಿ ಕಾರ್ಕ್ ತುಂಡುಗಳಿರುತ್ತವೆ, ಬಿಚ್ಚುವ ದಾರಿಯೇ ಬೇರೆ.

ಒಳಗೆ ನಡೆಯುವುದೇನು

ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನಿಂದ ತಿರುಗುವ ದೊಡ್ಡ ಗೇರಿನ ಜೊತೆಗೇ ಒಂದು ಬಟ್ಟಲಿದೆ. ಮೆಕ್ಯಾನಿಕ್‌ಗಳು ಅದನ್ನು ಹೌಸಿಂಗ್ ಎನ್ನುತ್ತಾರೆ. ಅದರ ಸೀಳುಗಳಲ್ಲಿ ಕ್ಲಚ್ ಪ್ಲೇಟುಗಳ ಹೊರ ಹಲ್ಲುಗಳು ಕೂರುತ್ತವೆ. ಒಳಗೆ, ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ಹಬ್ ಇದೆ. ಅದರ ಗೀರುಗಳಲ್ಲಿ ಸ್ಟೀಲ್ ಪ್ಲೇಟುಗಳ ಒಳ ಹಲ್ಲುಗಳು ಕೂರುತ್ತವೆ. ಒಂದು ಕ್ಲಚ್ ಪ್ಲೇಟು, ಒಂದು ಸ್ಟೀಲ್ ಪ್ಲೇಟು ಎಂಬ ಸರದಿಯಲ್ಲಿ ಜೋಡಿಸಿದ ಈ ಅಡುಕನ್ನು ನಾಲ್ಕು ಸ್ಪ್ರಿಂಗುಗಳು ಸದಾ ಬಿಗಿಯಾಗಿ ಅದುಮಿ ಹಿಡಿದಿರುತ್ತವೆ. ಕೈಯಲ್ಲಿ ಲಿವರ್ ಒತ್ತಿದಾಗ ಆ ಅದುಮು ತಪ್ಪುತ್ತದೆ, ಬಟ್ಟಲು ಬೇರೆ ಹಬ್ ಬೇರೆ ತಿರುಗುತ್ತವೆ. ಲಿವರ್ ಬಿಟ್ಟ ಮೇಲೂ ಅದುಮು ಸಾಲದೆ ಹೋದರೆ ಪ್ಲೇಟುಗಳು ಒಂದರ ಮೇಲೊಂದು ಉಜ್ಜಿಕೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈ ಮಾದರಿಯ ಕ್ಲಚ್ಚಿನಲ್ಲಿ ಪ್ರೆಷರ್ ಪ್ಲೇಟು, ಅಂದರೆ ಅದುಮುವ ತಟ್ಟೆ, ಅಡುಕಿನ ಹಿಂಬದಿಯಲ್ಲಿರುತ್ತದೆ. ಅದರ ನಾಲ್ಕು ಕಂಬಗಳು ಹಬ್ಬಿನ ಮೂಲಕ ಹೊರಗೆ ಬಂದು ಲಿಫ್ಟರ್ ಪ್ಲೇಟಿಗೆ ಬೋಲ್ಟಾಗಿರುತ್ತವೆ. ಸ್ಪ್ರಿಂಗುಗಳು ಲಿಫ್ಟರ್ ಪ್ಲೇಟನ್ನು ಹೊರಗೆ ತಳ್ಳುತ್ತ, ಹಿಂದಿನ ಪ್ರೆಷರ್ ಪ್ಲೇಟನ್ನು ತಮ್ಮತ್ತ ಎಳೆದುಕೊಂಡು ಅಡುಕನ್ನು ಬಿಗಿಯುತ್ತವೆ. ಪ್ಲೇಟುಗಳು ಸವೆದು ಅಡುಕು ತೆಳುವಾದಂತೆಲ್ಲ ಲಿಫ್ಟರ್ ಪ್ಲೇಟು ಹೊರಗೆ, ಅಂದರೆ ಕೇಬಲ್ಲು ಒತ್ತುವ ಕಡ್ಡಿಯತ್ತ ಸರಿಯುತ್ತದೆ. ಹಾಗಾಗಿ ಸವೆತ ಹೆಚ್ಚಿದಂತೆ ಕೈಲಿವರಿನ ಸಡಿಲು ತಾನಾಗಿಯೇ ಕಡಿಮೆಯಾಗುತ್ತದೆ. ಅದು ಸೊನ್ನೆಗೆ ಬಂದರೆ, ಲಿವರನ್ನು ಯಾರೂ ಮುಟ್ಟದಿದ್ದರೂ ಯಾರೋ ಸದಾ ಸ್ವಲ್ಪ ಒತ್ತಿ ಹಿಡಿದಂತೆ ಆಗುತ್ತದೆ. ಸವೆತದ ಇನ್ನೊಂದು ಪರಿಣಾಮವೆಂದರೆ ಸ್ಪ್ರಿಂಗುಗಳು ಹಿಗ್ಗಿ ಅವುಗಳ ಒತ್ತಡ ಇಳಿಯುವುದು. ಒಂದೊಂದು ಪ್ಲೇಟಿನಲ್ಲಿ 0.3 ಮಿಲಿಮೀಟರ್ ಸವೆದರೆ ನಾಲ್ಕು ಪ್ಲೇಟಿನ ಅಡುಕು 1.2 ಮಿಲಿಮೀಟರ್ ಕುಗ್ಗುತ್ತದೆ. ಚಿಕ್ಕ ಸ್ಪ್ರಿಂಗಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಬಿಚ್ಚುವ ಮೊದಲು ಮೂರು ತಪಾಸಣೆ

ಕ್ಲಚ್ ಜಾರಿದ ತಕ್ಷಣ ಪ್ಲೇಟು ತರಲು ಅಂಗಡಿಗೆ ಓಡುವವರೇ ಹೆಚ್ಚು. ಕವರ್ ಬಿಚ್ಚದೆಯೇ ಸರಿಹೋಗುವ ಪ್ರಕರಣಗಳು ಕಡಿಮೆಯೇನಿಲ್ಲ ಎಂಬುದು ನನ್ನ ಅನುಭವ.

ಮೊದಲನೆಯದು ಕೇಬಲ್ಲು. ಲಿವರಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಬಿಗಿ ಸಿಗುವ ಮುನ್ನ ಅದು ಸಡಿಲವಾಗಿ ಚಲಿಸುವ ದೂರವೇ ಫ್ರೀ ಪ್ಲೇ. ಈ ವರ್ಗದ ಗಾಡಿಗಳಲ್ಲಿ ಲಿವರಿನ ತುದಿಯಲ್ಲಿ ಅಳೆದಾಗ ಅದು 10ರಿಂದ 20 ಮಿಲಿಮೀಟರ್ ಇರಬೇಕು. ಸ್ವಲ್ಪವೂ ಇಲ್ಲದಿದ್ದರೆ ಕೆಳಗಿನ ಅಡ್ಜಸ್ಟರಿನ ಲಾಕ್ ನಟ್ ಸಡಿಲಿಸಿ ಸರಿಪಡಿಸಿ, ಒಂದು ಸುತ್ತು ಓಡಿಸಿ ನೋಡಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ಮತ್ತೆ ಅಳೆಯಬೇಕು. ಒಂದು ಕಡೆ ಸಡಿಲು ಮಾಯವಾಗುತ್ತಿದ್ದರೆ ಕೇಬಲ್ಲು ಎಲ್ಲೋ ಸಿಕ್ಕಿಕೊಂಡಿದೆ. ಒಳಗಿನ ತಂತಿ ತುಕ್ಕು ಹಿಡಿದಿದ್ದರೆ ಲಿವರ್ ಬಿಟ್ಟರೂ ಅದು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲು.

ಎರಡನೆಯದು ಆಯಿಲ್. ಈ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ ಕಾರಿಗೆಂದು ತಯಾರಿಸಿದ, ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವ ಆಯಿಲ್ ಹಾಕಿದರೆ ಹೊಸ ಪ್ಲೇಟೂ ಜಾರಬಹುದು. ಇಂತಹ ಗೊಂದಲ ತಪ್ಪಿಸಲೆಂದೇ ಜಪಾನಿನ ವಾಹನ ಮಾನಕ ಸಂಸ್ಥೆಯಾದ ಜಾಸೊ 1998ರಲ್ಲಿ ಬೈಕ್ ಆಯಿಲ್‌ಗಳನ್ನು ಎಂಎ, ಎಂಬಿ ಎಂದು ವಿಂಗಡಿಸಿತು. ಎಂಎ ಹಾಗೂ ಎಂಎ2 ಎಂದು ಡಬ್ಬಿಯ ಮೇಲಿದ್ದರೆ ನೆನೆಯುವ ಕ್ಲಚ್ಚಿಗೆ ಸೂಕ್ತ. ಎಂಬಿ ಎನ್ನುವುದು ಒಣ ಕ್ಲಚ್ಚಿರುವ ಸ್ಕೂಟರಿನಂತಹ ಗಾಡಿಗಳಿಗೆ. ಒಬ್ಬ ಪರಿಚಿತರು ಮನೆಯಲ್ಲಿ ಮಿಕ್ಕಿದ್ದ ಕಾರಿನ ಆಯಿಲನ್ನು ‘ವ್ಯರ್ಥವೇಕೆ’ ಎಂದು ಬೈಕಿಗೆ ಸುರಿದು, ವಾರದೊಳಗೆ ಕ್ಲಚ್ ಹೋಯಿತೆಂದು ಗಾಡಿ ತಳ್ಳಿಕೊಂಡು ಬಂದಿದ್ದರು. ಅದನ್ನು ಪೂರ್ತಿ ಇಳಿಸಿ ಸರಿಯಾದ ಆಯಿಲ್ ಹಾಕಿ, ಮುನ್ನೂರು ಕಿಲೋಮೀಟರಿನ ಬಳಿಕ ಮತ್ತೊಮ್ಮೆ ಬದಲಿಸಿದ ಮೇಲೆ ಪ್ಲೇಟು ಮುಟ್ಟದೆಯೇ ಜಾರುವಿಕೆ ನಿಂತಿತು. ಎಲ್ಲರಿಗೂ ಅಷ್ಟು ಅದೃಷ್ಟವಿರುವುದಿಲ್ಲವಾದರೂ ಮೊದಲು ಪ್ರಯತ್ನಿಸಬೇಕಾದ್ದು ಅದನ್ನೇ.

ಮೂರನೆಯದು ಓಡಿಸಿ ನೋಡುವ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 35 ಕಿಲೋಮೀಟರ್ ವೇಗದ ಆಸುಪಾಸು ಸಾಗುತ್ತ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ತೆರೆಯಿರಿ. ಕ್ಲಚ್ ಸರಿಯಿದ್ದರೆ ಇಂಜಿನ್ ಮುಕ್ಕರಿಯುತ್ತ ನಿಧಾನವಾಗಿ ವೇಗ ಪಡೆಯುತ್ತದೆ. ಜಾರುತ್ತಿದ್ದರೆ ಸದ್ದು ಮುಂದೆ, ವೇಗ ಹಿಂದೆ. ನ್ಯೂಟ್ರಲ್‌ನಲ್ಲಿ ಮಾತ್ರ ಕಿಕ್ ಹೊಡೆಯಬಹುದಾದ ಗಾಡಿಗಳಲ್ಲಿ ಇನ್ನೊಂದು ಗುರುತಿದೆ. ಅವುಗಳಲ್ಲಿ ಕಿಕ್ಕಿನ ಬಲವೂ ಕ್ಲಚ್ ದಾಟಿಯೇ ಇಂಜಿನ್ನಿಗೆ ಹೋಗಬೇಕಾದ್ದರಿಂದ, ಕ್ಲಚ್ ತೀರಾ ಸವೆದಾಗ ಕಿಕ್ ಪೆಡಲ್ಲು ಬಲವೇ ಇಲ್ಲದಂತೆ ಕೆಳಗಿಳಿದುಬಿಡುತ್ತದೆ.

ಈ ಮೂರೂ ಆದ ಮೇಲೂ ಜಾರುತ್ತಿದ್ದರೆ ಕವರ್ ಬಿಚ್ಚುವುದು ಖಚಿತ.

ಸಾಮಾನು ಹೊಂದಿಸಿಕೊಳ್ಳುವುದು

ಹೊಸ ಕ್ಲಚ್ ಪ್ಲೇಟುಗಳ ಸೆಟ್, ನಾಲ್ಕು ಸ್ಪ್ರಿಂಗ್, ಬಲಬದಿ ಕವರಿನ ಗ್ಯಾಸ್ಕೆಟ್, ಕಿಕ್ ಶಾಫ್ಟಿನ ಆಯಿಲ್ ಸೀಲ್, 10ಡಬ್ಲ್ಯು-30 ದರ್ಜೆಯ ಎಂಎ ಅಥವಾ ಎಂಎ2 ಆಯಿಲ್ ಒಂದು ಲೀಟರ್. ಸ್ಟೀಲ್ ಪ್ಲೇಟುಗಳನ್ನು ಒಳಗೆ ನೋಡಿದ ಮೇಲೆ ತೀರ್ಮಾನಿಸಬಹುದಾದರೂ ಅಂಗಡಿ ದೂರವಿದ್ದರೆ ಮೊದಲೇ ತಂದಿಟ್ಟುಕೊಳ್ಳುವುದು ಮೇಲು. ಪ್ಲೇಟು ಹೊಸದು, ಸ್ಪ್ರಿಂಗ್ ಹಳೆಯದು ಎಂಬ ಉಳಿತಾಯ ಮಾಡಬೇಡಿ. ಬಿಸಿಯಲ್ಲಿ ವರ್ಷಗಟ್ಟಲೆ ಅದುಮಿಕೊಂಡಿದ್ದ ಸ್ಪ್ರಿಂಗ್ ಗಿಡ್ಡವಾಗಿರುತ್ತದೆ, ಮತ್ತು ಇಡೀ ಸೆಟ್ಟಿನಲ್ಲಿ ಅಗ್ಗದ ವಸ್ತು ಅದೇ. ಹೆಸರಿಲ್ಲದ ನಕಲಿ ಪ್ಲೇಟುಗಳ ಬಗ್ಗೆ ಎಚ್ಚರವಿರಲಿ. ಬೆರಳಿನಿಂದ ಉಜ್ಜಿದಾಗ ಪುಡಿ ಬರುವ, ಅಂಟಿಸಿದ ತುಂಡುಗಳ ಅಂಚು ಎದ್ದಿರುವ ಪ್ಲೇಟನ್ನು ಅಲ್ಲೇ ಹಿಂತಿರುಗಿಸಿ.

ಉಪಕರಣಗಳಲ್ಲಿ 8, 10, 12, 14 ಮತ್ತು 17ರ ಟಿ ಸ್ಪ್ಯಾನರ್ ಅಥವಾ ಬಾಕ್ಸ್ ಸ್ಪ್ಯಾನರ್, ರಬ್ಬರ್ ಅಥವಾ ಮರದ ಸುತ್ತಿಗೆ, ವರ್ನಿಯರ್ ಕ್ಯಾಲಿಪರ್, ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಸಾಧ್ಯವಿದ್ದರೆ ಎಷ್ಟು ಬಿಗಿಯಾಯಿತೆಂದು ತೋರಿಸುವ ಒಂದು ಟಾರ್ಕ್ ವ್ರೆಂಚ್ ಇರಲಿ. ಇವೆಲ್ಲ ಹೇಗಾದರೂ ಸಿಗುತ್ತವೆ. ಸಿಗದೆ ಕೆಲಸ ನಿಲ್ಲುವುದು ಒಂದೇ ಒಂದಕ್ಕೆ. ಹಬ್ಬಿನ ನಡುವಿನ ನಟ್ ಆರು ಮೂಲೆಯದಲ್ಲ, ನಾಲ್ಕು ಕಚ್ಚುಗಳಿರುವ ಗುಂಡು ನಟ್. ಅದಕ್ಕೆ ನಾಲ್ಕು ಹಲ್ಲಿನ ವಿಶೇಷ ಸಾಕೆಟ್ ಬೇಕು. ಬಿಡಿಭಾಗಗಳ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಕ್ಲಚ್ ನಟ್ ಟೂಲ್ ಎಂದು ಕೇಳಿದರೆ ಕೊಡುತ್ತಾರೆ. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ನಟ್ ತಿರುಗಿಸುವವರನ್ನು ನೋಡಿದ್ದೇನೆ. ಆ ನಟ್ಟಿನ ಕಚ್ಚುಗಳು ಕಿತ್ತುಹೋಗುವುದಲ್ಲದೆ, ಪ್ರತಿ ಏಟೂ ಶಾಫ್ಟಿನ ಬೇರಿಂಗಿಗೆ ತಗಲುತ್ತದೆ.

ಕೆಲಸಕ್ಕೆ ಹಿಂದಿನ ರಾತ್ರಿಯೇ ಹೊಸ ಕ್ಲಚ್ ಪ್ಲೇಟುಗಳನ್ನು ಒಂದು ಅಗಲ ಡಬ್ಬಿಯಲ್ಲಿಟ್ಟು ಮುಳುಗುವಷ್ಟು ಹೊಸ ಆಯಿಲ್ ಸುರಿದಿಡಿ. ಒಣ ಪ್ಲೇಟು ಜೋಡಿಸಿದರೆ ಮೊದಲ ನಿಮಿಷಗಳಲ್ಲೇ ಅದರ ಮೇಲ್ಮೈ ಸುಟ್ಟು ಹೊಳಪುಗಟ್ಟಬಹುದು. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಆತುರಕ್ಕೆ ಹತ್ತು ನಿಮಿಷ ಅದ್ದಿ ಹಾಕಿದ್ದೆ. ತಿಂಗಳುಗಟ್ಟಲೆ ಗಾಡಿ ಹೊರಡುವಾಗಲೆಲ್ಲ ಗಡಗಡ ನಡುಗುತ್ತಿತ್ತು.

ಬಿಚ್ಚುವ ಕ್ರಮ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎರಡು ನಿಮಿಷ ಸ್ಟಾರ್ಟ್ ಮಾಡಿ ಆಯಿಲನ್ನು ಬೆಚ್ಚಗಾಗಿಸಿ. ಸೈಲೆನ್ಸರ್ ಬಲಬದಿಯಲ್ಲೇ ಇರುವುದರಿಂದ ಅದು ಕೈ ಸುಡುವಷ್ಟು ಬಿಸಿಯಾಗಲು ಬಿಡಬೇಡಿ. ಇಂಜಿನ್ ತಳದ ಡ್ರೈನ್ ಬೋಲ್ಟನ್ನು 17ರ ಸ್ಪ್ಯಾನರಿನಿಂದ ತೆಗೆದು ಆಯಿಲನ್ನು ಪಾತ್ರೆಗೆ ಇಳಿಸಿ. ಗಾಡಿಯನ್ನು ಎಡಕ್ಕೆ ಚೆನ್ನಾಗಿ ಓರೆಯಾಗಿ ನಿಲ್ಲಿಸಿಕೊಂಡರೆ ಆಯಿಲ್ ಇಳಿಸದೆಯೂ ಬಲ ಕವರ್ ತೆಗೆಯಬಹುದು ಎಂಬ ಉಪಾಯ ಹಲವರಿಗೆ ಗೊತ್ತು, ಸುಳ್ಳಲ್ಲ. ಆದರೆ ಜಾರಿದ ಕ್ಲಚ್ಚಿನ ಪುಡಿಯೆಲ್ಲ ಆ ಆಯಿಲಿನಲ್ಲೇ ತೇಲುತ್ತಿರುವಾಗ ಅದನ್ನು ಉಳಿಸಿಕೊಂಡು ಸಾಧಿಸುವುದೇನೂ ಇಲ್ಲ. ಇಳಿಸಿದ ಆಯಿಲನ್ನು ಚರಂಡಿಗೋ ತೋಟಕ್ಕೋ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಕೇಬಲ್ಲಿನ ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿ, ಕವರಿನ ಮೇಲಿರುವ ಕ್ಲಚ್ ತೋಳಿನಿಂದ ಕೇಬಲ್ಲಿನ ತುದಿಯನ್ನು ಕಳಚಿ. ಕಿಕ್ ಪೆಡಲ್ಲಿನ ಬೋಲ್ಟನ್ನು ಬರೀ ಸಡಿಲಿಸದೆ ಪೂರ್ತಿ ಹೊರತೆಗೆಯಿರಿ, ಏಕೆಂದರೆ ಅದು ಶಾಫ್ಟಿನ ಗೀರೊಂದರಲ್ಲಿ ಅಡ್ಡ ಕೂತಿರುತ್ತದೆ. ಅನಂತರ ಕಾಲಿಡುವ ಫುಟ್‌ರೆಸ್ಟ್ ಸರಳನ್ನು ಕೆಳಗಿನ ಬೋಲ್ಟುಗಳಿಂದ ಬಿಡಿಸಿ ತೆಗೆಯಬೇಕು. ಬ್ರೇಕ್ ಪೆಡಲ್ಲು ಅಡ್ಡ ಬಂದರೆ ಅದನ್ನು ಕೆಳಗೆ ಒತ್ತಿ ಕಟ್ಟಿಕೊಂಡರೆ ಸಾಕು, ಬಿಚ್ಚಬೇಕಾಗಿಲ್ಲ; ಮುಂದೆ ಅದರಿಂದ ಕೆಲಸವಿದೆ.

ಕವರಿನ ಸುತ್ತಲಿನ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ಒಂದು ರಟ್ಟಿನ ತುಂಡಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟು ಬಂದ ಜಾಗಕ್ಕೆ ಸರಿಯಾಗಿ ತೂತು ಮಾಡಿ ಅದರಲ್ಲೇ ಸಿಕ್ಕಿಸುತ್ತ ಹೋಗಿ. ಉದ್ದನೆಯ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ತಳ ಮುಟ್ಟಿ ಅಲ್ಯುಮಿನಿಯಮ್ ಸೀಳುತ್ತದೆ, ಗಿಡ್ಡದನ್ನು ಉದ್ದ ತೂತಿಗೆ ಹಾಕಿದರೆ ಎರಡೇ ಸುತ್ತಿನ ಹಿಡಿತದಲ್ಲಿ ತೂತಿನೊಳಗಿನ ತಿರುಪಿನ ಮರೆ ಕಿತ್ತುಹೋಗುತ್ತದೆ. ಎಲ್ಲವೂ ಬಂದ ಮೇಲೆ ಕವರಿನ ಅಂಚನ್ನು ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಹಗುರವಾಗಿ ತಟ್ಟಿ ಹೊರಕ್ಕೆ ಎಳೆಯಿರಿ. ಬರದಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ಮರೆತ ಬೋಲ್ಟೊಂದು ಎಲ್ಲೋ ಇದೆ ಎಂದೇ ಅರ್ಥ. ಗ್ರೀಸ್ ಮಿಶ್ರಿತ ಕೆಸರು ಮುಚ್ಚಿಕೊಂಡಿದ್ದ ಇಂತಹ ಒಂದು ಬೋಲ್ಟಿಗಾಗಿ ನಾನು ಅರ್ಧ ಗಂಟೆ ಕವರಿನ ಜೊತೆ ಗುದ್ದಾಡಿದ್ದುಂಟು. ಕವರ್ ಬರುವಾಗ ಅದನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಡೌಲ್ ಪಿನ್ನುಗಳು ಅಥವಾ ಕಿಕ್ ಶಾಫ್ಟಿನ ವಾಷರ್ ಕೆಳಗೆ ಬೀಳಬಹುದಾದ್ದರಿಂದ ಅಡಿಯಲ್ಲಿ ಅಗಲವಾದ ತಟ್ಟೆ ಇಟ್ಟಿರಿ.

ಈಗ ಕ್ಲಚ್ ಎದುರಿಗೇ ಕಾಣುತ್ತದೆ. ಏನನ್ನೂ ಮುಟ್ಟುವ ಮೊದಲು ಫೋನಿನಲ್ಲಿ ಎರಡು ಮೂರು ಕೋನಗಳಿಂದ ಚಿತ್ರ ತೆಗೆದುಕೊಳ್ಳಿ. ಲಿಫ್ಟರ್ ಪ್ಲೇಟಿನ ನಾಲ್ಕು ಬೋಲ್ಟುಗಳನ್ನು ಎದುರುಬದುರಾಗಿ, ಒಮ್ಮೆಗೆ ಅರ್ಧ ಸುತ್ತಿನಂತೆ ಸಡಿಲಿಸುತ್ತ ಬನ್ನಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಸ್ಪ್ರಿಂಗಿನ ಒತ್ತಡಕ್ಕೆ ಪ್ಲೇಟು ಓರೆಯಾಗಿ ಉಳಿದ ಕಂಬಗಳು ಮುರಿಯುವ ಅಪಾಯವಿದೆ. ಬೋಲ್ಟು, ಲಿಫ್ಟರ್ ಪ್ಲೇಟು, ಅದರ ನಡುವಿನ ಬೇರಿಂಗ್, ನಾಲ್ಕು ಸ್ಪ್ರಿಂಗುಗಳು ಹೊರಬರುತ್ತವೆ. ದೊಡ್ಡ ಬೈಕುಗಳಲ್ಲಿ ಪ್ರೆಷರ್ ಪ್ಲೇಟು ಹೊರಗಡೆ ಇರುವುದರಿಂದ ಈ ಹಂತದಲ್ಲೇ ಪ್ಲೇಟುಗಳು ಕೈಗೆ ಬಂದುಬಿಡುತ್ತವೆ. ನಮ್ಮದರಲ್ಲಿ ಹಾಗಲ್ಲ, ನಡುವಿನ ನಟ್ ಬಿಚ್ಚದೆ ಒಂದು ಪ್ಲೇಟೂ ಬರುವುದಿಲ್ಲ.

ಹಬ್ ತಿರುಗದಂತೆ ಹಿಡಿಯುವುದು ಹೇಗೆ? ಹಬ್ ಕೂತಿರುವುದು ಗೇರ್ ಬಾಕ್ಸಿನ ಶಾಫ್ಟಿನ ಮೇಲೆ, ಆ ಶಾಫ್ಟು ಗೇರಿನ ಮೂಲಕ ಹಿಂಚಕ್ರಕ್ಕೆ ಸೇರಿದೆ. ಟಾಪ್ ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಅದುಮಿ ಹಿಡಿದರೆ ಹಬ್ ತಾನಾಗಿ ನಿಲ್ಲುತ್ತದೆ. ನಾಲ್ಕು ಹಲ್ಲಿನ ಸಾಕೆಟ್ ಕಚ್ಚುಗಳಲ್ಲಿ ಪೂರ್ತಿ ಕೂತಿದೆಯೇ ಎಂದು ನೋಡಿಕೊಂಡು, ಉದ್ದ ಹಿಡಿಕೆಯಿಂದ ಎಡಕ್ಕೆ ತಿರುಗಿಸಿ. ಪ್ರೈಮರಿ ಗೇರಿನ ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸುವುದು ಇಲ್ಲಿ ಅಪಾಯ ಮಾತ್ರವಲ್ಲ, ನಿರರ್ಥಕವೂ ಹೌದು: ಸ್ಪ್ರಿಂಗ್ ತೆಗೆದ ಮೇಲೆ ಬಟ್ಟಲನ್ನು ಹಿಡಿದರೂ ಹಬ್ ಅದರೊಳಗೆ ತಿರುಗುತ್ತಲೇ ಇರುತ್ತದೆ. ನಟ್ಟಿನ ಹಿಂದಿನ ಲಾಕ್ ವಾಷರ್ ಯಾವ ಮುಖ ಹೊರಗೆ ಮಾಡಿ ಕೂತಿತ್ತು ಎಂದು ಗುರುತಿಟ್ಟುಕೊಳ್ಳಿ. ಅದರ ಮೇಲೆ ಸಾಮಾನ್ಯವಾಗಿ ‘ಔಟ್‌ಸೈಡ್’ ಎಂದು ಅಚ್ಚಾಗಿರುತ್ತದೆ. ಇನ್ನು ಹಬ್, ಪ್ಲೇಟುಗಳು, ಹಿಂದಿನ ಪ್ರೆಷರ್ ಪ್ಲೇಟು ಮೂರನ್ನೂ ಒಟ್ಟಿಗೆ ಹಿಡಿದು ಹೊರಗೆಳೆದು, ಬಂದ ಸರದಿಯಲ್ಲೇ ಹಳೆ ಪತ್ರಿಕೆಯ ಮೇಲೆ ಸಾಲಾಗಿಡಿ. ಎಷ್ಟು ಕ್ಲಚ್ ಪ್ಲೇಟು, ಎಷ್ಟು ಸ್ಟೀಲ್ ಪ್ಲೇಟು ಎಂದು ಎಣಿಸಿ ಬರೆದುಕೊಳ್ಳಿ.

ಹಳೆಯ ಭಾಗಗಳು ಹೇಳುವ ಕಥೆ

ಹೊಸದನ್ನು ಹಾಕುವುದು ಹೇಗೂ ಖಚಿತವಾದ್ದರಿಂದ ಹಳೆಯದನ್ನು ನೋಡದೆ ಎಸೆಯುವುದು ರೂಢಿ. ಕಾರಣ ತಿಳಿಯದೆ ಪ್ಲೇಟು ಬದಲಿಸಿದರೆ ಅದೇ ಕೆಲಸ ಬೇಗನೆ ಮತ್ತೆ ಬರುತ್ತದೆ. ಈ ವರ್ಗದ ಗಾಡಿಗಳಲ್ಲಿ ಹೊಸ ಪ್ಲೇಟಿನ ದಪ್ಪ ಸುಮಾರು 3 ಮಿಲಿಮೀಟರ್, 2.6ರ ಹತ್ತಿರ ಬಂದರೆ ಅದರ ಆಯುಷ್ಯ ಮುಗಿಯಿತೆಂದು ಲೆಕ್ಕ. ನಿಮ್ಮ ಗಾಡಿಯ ಖಚಿತ ಮಿತಿ ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ವರ್ನಿಯರಿನಲ್ಲಿ ಪ್ರತಿ ಪ್ಲೇಟನ್ನೂ ಮೂರು ಕಡೆ ಅಳೆಯಿರಿ. ದಪ್ಪ ಸಾಕಷ್ಟಿದ್ದೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ತಪ್ಪು ಆಯಿಲ್ ಅಥವಾ ಸಡಿಲವೇ ಇಲ್ಲದ ಕೇಬಲ್ಲು ಕಾರಣವಾಗಿರಬೇಕು. ನನ್ನ ಗಾಡಿಯ ಪ್ಲೇಟುಗಳು ಎರಡೂ ರೀತಿಯಲ್ಲಿ ಸೋತಿದ್ದವು. ನಡುವಿನದಂತೂ ಕಪ್ಪಾಗಿ, ಉಗುರಿನಿಂದ ಕೆರೆದರೆ ಹಪ್ಪಳದಂತೆ ಚೂರಾಗುತ್ತಿತ್ತು.

ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಂಚಿನ ಸುತ್ತ 0.20 ಮಿಲಿಮೀಟರಿನ ಫೀಲರ್ ಗೇಜ್ ತೂರಿಸಿ ನೋಡಿ. ಅದು ಒಳಗೆ ಹೋದರೆ ಪ್ಲೇಟು ಸೊಟ್ಟಗಾಗಿದೆ, ಬದಲಿಸಲೇಬೇಕು. ನೀಲಿ ಬಣ್ಣಕ್ಕೆ ತಿರುಗಿದ ಕಲೆಗಳಿದ್ದರೆ ಅದು ವಿಪರೀತ ಬಿಸಿಯಾದ ಗುರುತು. ಸೊಟ್ಟಗಾಗದಿದ್ದರೂ ನಾನು ಅಂಥದ್ದನ್ನು ಮತ್ತೆ ಹಾಕುವುದಿಲ್ಲ. ಹೊಸ ಮತ್ತು ಹಳೆ ಸ್ಪ್ರಿಂಗುಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಎತ್ತರದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲಿಫ್ಟರ್ ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿದಾಗ ಕರಕರ ಎಂದರೆ ಅದೂ ಹೊಸದಾಗಲಿ.

ಬಟ್ಟಲಿನ ಸೀಳುಗಳ ಒಳಗೋಡೆಗೆ ಬೆರಳಾಡಿಸಿ. ಪ್ಲೇಟಿನ ಹಲ್ಲುಗಳು ಬಡಿದು ಬಡಿದು ಅಲ್ಲಿ ಮೆಟ್ಟಿಲಿನಂತೆ ಗುಂಡಿಗಳಾಗಿರುತ್ತವೆ. ಈ ಗುಂಡಿಗಳಿಂದ ಕ್ಲಚ್ ಜಾರುವುದಕ್ಕಿಂತ ಹೆಚ್ಚಾಗಿ ಪೂರ್ತಿ ಬಿಡದೆ ಹಿಡಿದುಕೊಳ್ಳುತ್ತದೆ. ಗೇರ್ ಹಾಕುವಾಗ ಟಕ್ಕೆಂದು ಎಗರುವುದು, ನಿಂತಾಗ ನ್ಯೂಟ್ರಲ್ ಸಿಗದಿರುವುದು ಇದರಿಂದಲೇ. ಅಲ್ಪ ಗುಂಡಿಗಳನ್ನು ನಯವಾದ ಅರದಿಂದ ಸಮವಾಗಿ ಉಜ್ಜಬಹುದು. ಆಳವಾಗಿದ್ದರೆ ಹೌಸಿಂಗನ್ನೇ ಬದಲಿಸುವುದು ಸರಿ, ದುಬಾರಿಯಾದರೂ.

ಕವರ್ ತೆರೆದಿರುವಾಗಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ, ಇದನ್ನು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಕ್ರ್ಯಾಂಕಿನ ತುದಿಯಲ್ಲಿ ತಟ್ಟೆಯಂತೆ ಕಾಣುವುದು ಆಯಿಲ್ ಶುದ್ಧಿ ಮಾಡುವ ರೋಟರ್. ವೇಗವಾಗಿ ತಿರುಗುವಾಗ ಆಯಿಲಿನ ಕೊಳೆ ಅದರ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಮುಚ್ಚಳದ ಮೂರು ಸ್ಕ್ರೂಗಳನ್ನು ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದ ತೆಗೆದರೆ ಒಳಗೆ ಕಪ್ಪು ಮುಲಾಮಿನಂತಹ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಕ್ಲಚ್ ಪುಡಿಯ ಬಹುಪಾಲು ಇಲ್ಲೇ ಸಿಗುತ್ತದೆ. ಅದನ್ನು ಮರದ ಕಡ್ಡಿಯಿಂದ ಕೆರೆದು, ದಾರ ಬಿಡದ ಹಳೆ ಬನಿಯನ್ ಬಟ್ಟೆಯಿಂದ ಒರೆಸಿ. ಇಂಜಿನ್ ತಳದ ಜರಡಿಯನ್ನೂ ಹೊರಗೆಳೆದು ತೊಳೆದುಬಿಡಿ.

ಹಳೆ ಗ್ಯಾಸ್ಕೆಟಿನ ಚೂರುಗಳನ್ನು ಎರಡೂ ಮುಖಗಳಿಂದ ತೆಗೆಯುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ, ಆಯಿಲ್ ಸೋರುತ್ತದೆಯೋ ಇಲ್ಲವೋ ತೀರ್ಮಾನವಾಗುವುದೂ ಇಲ್ಲಿಯೇ. ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯಿರಿ, ತುದಿಯಿಂದ ಗೀರಬೇಡಿ. ಇಂಜಿನ್ ಬಾಯಿಗೆ ಬಟ್ಟೆ ತುರುಕಿಟ್ಟರೆ ಚೂರುಗಳು ಒಳಗೆ ಬೀಳುವುದಿಲ್ಲ. ಕೊನೆಗೆ ಆ ಬಟ್ಟೆಯನ್ನು ತೆಗೆಯಲು ಮರೆಯಬಾರದು.

ಜೋಡಣೆ

ಪ್ರೆಷರ್ ಪ್ಲೇಟನ್ನು ಕಂಬಗಳು ಮೇಲಾಗುವಂತೆ ಮೇಜಿನ ಮೇಲಿಡಿ. ಅದರ ಮೇಲೆ ನೆನೆದ ಕ್ಲಚ್ ಪ್ಲೇಟು, ನಂತರ ಸ್ಟೀಲ್, ಮತ್ತೆ ಕ್ಲಚ್ ಹೀಗೆ ಪೇರಿಸಿ. ಮೊದಲನೆಯದೂ ಕೊನೆಯದೂ ಕ್ಲಚ್ ಪ್ಲೇಟೇ ಆಗಿರಬೇಕು. ಸ್ಟೀಲ್ ಪ್ಲೇಟಿನ ಒಂದು ಬದಿಯ ಅಂಚು ಚೂಪಾಗಿಯೂ ಇನ್ನೊಂದು ಬದಿಯದು ಗುಂಡಾಗಿಯೂ ಇರುತ್ತದೆ. ಎಲ್ಲವನ್ನೂ ಒಂದೇ ಮುಖವಾಗಿ ಜೋಡಿಸಿ. ಅಡುಕಿನ ಮೇಲೆ ಹಬ್ಬನ್ನು ಇಳಿಸುವಾಗ ಪ್ರತಿ ಸ್ಟೀಲ್ ಪ್ಲೇಟಿನ ಹಲ್ಲೂ ಹಬ್ಬಿನ ಗೀರಿನಲ್ಲಿ ಕೂರಬೇಕು. ಇಲ್ಲಿ ಒಂದೇ ಒಂದು ಪ್ಲೇಟು ಗೀರಿನ ಏಣಿನ ಮೇಲೆ ಹತ್ತಿ ಕೂತರೂ, ನಟ್ ಬಿಗಿದಾಗ ಎಲ್ಲ ಸರಿಯಿದ್ದಂತೆ ತೋರಿ, ಗಾಡಿ ಸ್ಟಾರ್ಟ್ ಮಾಡಿದಾಗ ಕ್ಲಚ್ ಹಿಡಿಯುವುದೂ ಇಲ್ಲ ಬಿಡುವುದೂ ಇಲ್ಲ. ಅಡುಕನ್ನು ಎರಡೂ ಕೈಗಳಿಂದ ಅದುಮಿ, ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಪ್ಲೇಟುಗಳ ನಡುವೆ ಎಲ್ಲೂ ಸಂದಿ ಕಾಣಬಾರದು.

ಕ್ಲಚ್ ಪ್ಲೇಟುಗಳ ಹೊರ ಹಲ್ಲುಗಳನ್ನು ಒಂದರ ಮೇಲೊಂದು ಸಾಲಾಗಿ ಹೊಂದಿಸಿಕೊಂಡು ಇಡೀ ಅಡುಕನ್ನು ಬಟ್ಟಲಿನೊಳಗೆ ಇಳಿಸಿ. ಒಮ್ಮೆಗೇ ಹೋಗದು. ಹಬ್ಬನ್ನು ಎಡಬಲಕ್ಕೆ ಕೂದಲೆಳೆಯಷ್ಟು ಆಡಿಸುತ್ತ ಒಳಗೆ ಒತ್ತಿದರೆ ಪ್ಲೇಟುಗಳು ಒಂದೊಂದಾಗಿ ಟಕ್ ಟಕ್ ಎಂದು ಕೂರುವುದು ಬೆರಳಿಗೆ ತಿಳಿಯುತ್ತದೆ. ಕೆಲವು ಹೌಸಿಂಗುಗಳಲ್ಲಿ ಹೊರಗಿನ ಪ್ಲೇಟಿಗೆ ಬೇರೆಯೇ ಗಿಡ್ಡ ಸೀಳು ಇರುತ್ತದೆ. ಆಗಲೇ ತೆಗೆದ ಚಿತ್ರ ಇಲ್ಲಿ ನೆರವಿಗೆ ಬರುತ್ತದೆ. ಲಾಕ್ ವಾಷರನ್ನು ಸರಿಯಾದ ಮುಖ ಹೊರಗೆ ಮಾಡಿ ಹಾಕಿ, ಮೊದಲಿನಂತೆಯೇ ಟಾಪ್ ಗೇರ್ ಮತ್ತು ಬ್ರೇಕಿನ ಸಹಾಯದಿಂದ ನಟ್ ಬಿಗಿಯಿರಿ. ಎಷ್ಟು ಬಿಗಿ ಎಂಬುದನ್ನು ಮ್ಯಾನುಯಲ್ ನೋಡಿ ಟಾರ್ಕ್ ವ್ರೆಂಚಿನಲ್ಲೇ ನಿರ್ಧರಿಸುವುದು ಉತ್ತಮ.

ಹೊಸ ಸ್ಪ್ರಿಂಗುಗಳು, ಲಿಫ್ಟರ್ ಪ್ಲೇಟು, ನಾಲ್ಕು ಬೋಲ್ಟುಗಳು. ಮತ್ತೆ ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಕೊನೆಗೆ 12 ನ್ಯೂಟನ್ ಮೀಟರಿಗೆ ನಿಲ್ಲಿಸಿ. ಇವು ಚಿಕ್ಕ ಬೋಲ್ಟುಗಳು. ಮೊಣಕೈಯ ಬಲ ಬಳಸಿದರೆ ಅಲ್ಯುಮಿನಿಯಮ್ ಕಂಬದ ಮರೆ ಕಿತ್ತು, ಆಮೇಲೆ ಪ್ರೆಷರ್ ಪ್ಲೇಟನ್ನೇ ಕೊಳ್ಳಬೇಕಾಗುತ್ತದೆ.

ಕವರ್ ಹಾಕುವ ಮುನ್ನ ಹೊಸ ಆಯಿಲ್ ಸೀಲನ್ನು ಕೂರಿಸಿ, ಅದರ ತುಟಿಗೆ ಬೆರಳಿನಿಂದ ಗ್ರೀಸ್ ಸವರಿ. ಕಿಕ್ ಶಾಫ್ಟಿನ ಗೀರುಗಳು ಸೀಲನ್ನು ಹರಿಯದಂತೆ ಅವಕ್ಕೆ ಟೇಪ್ ಸುತ್ತಿ, ಕವರ್ ಕೂತ ಮೇಲೆ ಎಳೆದುಬಿಡಿ. ಡೌಲ್ ಪಿನ್ನುಗಳು ಜಾಗದಲ್ಲಿರಲಿ. ಗ್ಯಾಸ್ಕೆಟ್ ಹೊಸದಾಗಿದ್ದು ಮುಖಗಳು ಶುಚಿಯಾಗಿದ್ದರೆ ಅಂಟು ಬೇಕಿಲ್ಲ. ಧಾರಾಳವಾಗಿ ಬಳಿದ ಸಿಲಿಕೋನ್ ಒಳಮುಖವಾಗಿ ಉಬ್ಬಿ, ತುಂಡಾಗಿ, ಕೊನೆಗೆ ನೀವು ಈಗತಾನೆ ತೊಳೆದ ಜರಡಿಯನ್ನು ಸೇರುತ್ತದೆ. ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಕೂರಿಸಿ, ಅನಂತರ ಅಡ್ಡಕ್ಕೊಂದು ಬಿಗಿಯಿರಿ. ಫುಟ್‌ರೆಸ್ಟ್, ಕಿಕ್ ಪೆಡಲ್ಲು, ಡ್ರೈನ್ ಬೋಲ್ಟು ಮತ್ತು ಅದರ ವಾಷರ್ ತಂತಮ್ಮ ಜಾಗಕ್ಕೆ ಹೋಗಲಿ.

ಆಯಿಲ್, ಕೇಬಲ್ಲು, ಪರೀಕ್ಷೆ

ಮ್ಯಾನುಯಲ್‌ನಲ್ಲಿ ಹೇಳಿದ ಪ್ರಮಾಣಕ್ಕಿಂತ ತುಸು ಕಡಿಮೆ ಆಯಿಲ್ ಹಾಕಿ, ಎರಡು ಮೂರು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ. ಮತ್ತೆರಡು ನಿಮಿಷ ಕಾದು, ಆಯಿಲಿನ ಮಟ್ಟ ತೋರಿಸುವ ಡಿಪ್ ಸ್ಟಿಕ್ಕನ್ನು ಒರೆಸಿ, ತಿರುಪದೆ ಬರಿದೇ ಇಳಿಸಿ ಮಟ್ಟ ನೋಡಿ. ಮೇಲಿನ ಗುರುತಿನವರೆಗೆ ತುಂಬಿಸಿ. ತಿರುಪಿ ನೋಡಿದರೆ ಮಟ್ಟ ಹೆಚ್ಚಾಗಿ ತೋರುತ್ತದೆ.

ಕೇಬಲ್ಲಿನ ಸಡಿಲನ್ನು ಹೊಸದಾಗಿ ಹೊಂದಿಸಬೇಕು. ಹಳೆಯ ತೆಳು ಅಡುಕಿಗೆ ಹೊಂದಿಸಿದ್ದ ಅಡ್ಜಸ್ಟರ್ ಈಗಿನ ದಪ್ಪ ಅಡುಕಿಗೆ ಹೊಂದುವುದಿಲ್ಲ. ಲಿವರಿನ ತುದಿಯಲ್ಲಿ 15 ಮಿಲಿಮೀಟರಿನ ಸುಮಾರಿಗೆ ನಿಲ್ಲಿಸಿ ಲಾಕ್ ನಟ್ ಬಿಗಿಯಿರಿ. ಸ್ಟ್ಯಾಂಡ್ ಮೇಲೆಯೇ ಇಂಜಿನ್ ಓಡುತ್ತಿರುವಾಗ ಲಿವರ್ ಒತ್ತಿ ಒಂದನೇ ಗೇರ್ ಹಾಕಿ: ಸದ್ದಿಲ್ಲದೆ ಬಿದ್ದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿದರೆ ಚಕ್ರ ನಿಲ್ಲಬೇಕು. ಬ್ರೇಕ್ ಒತ್ತಿದಾಗ ಇಂಜಿನ್ ಆರುವಂತಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಸಡಿಲು ಅತಿಯಾಗಿದೆಯೇ ನೋಡಿ. ಆಮೇಲೆ ಅದೇ ಖಾಲಿ ರಸ್ತೆ, ಅದೇ ಟಾಪ್ ಗೇರ್, ಅದೇ ವೇಗ.

ಮೊದಲ ಕೆಲವು ದಿನ ಪೂರ್ತಿ ಹೊರೆ ಹೇರಿ ಘಾಟಿ ಹತ್ತಬೇಡಿ, ಅರ್ಧ ಕ್ಲಚ್ಚಂತೂ ಬೇಡವೇ ಬೇಡ. ಹೊಸ ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಅಡುಕು ಒಂದಿಷ್ಟು ತೆಳುವಾಗುವುದರಿಂದ ಲಿವರಿನ ಸಡಿಲು ಕಡಿಮೆಯಾಗುತ್ತದೆ. ವಾರದ ನಂತರ ನಾನು ಅಳೆದಾಗ 15 ಇದ್ದದ್ದು 9ಕ್ಕೆ ಇಳಿದಿತ್ತು. ಅಡ್ಜಸ್ಟರನ್ನು ಎರಡು ಸುತ್ತು ತಿರುಗಿಸಿ ಮತ್ತೆ 15ಕ್ಕೆ ತಂದು, ಲಾಕ್ ನಟ್ ಬಿಗಿದು, ಮುಂದಿನ ಅಳತೆಯನ್ನು ಆಯಿಲ್ ಬದಲಿಸುವ ದಿನಕ್ಕೆ ಇಟ್ಟುಕೊಂಡೆ.